ಎರಡು ಗಡ್ಡೆಗಳ ನಡುವಿನ ಜಾಗ

ಸ್ತನ ಕ್ಯಾನ್ಸರ್ ಅಂದರೆ ಒಂದು ಗಂಟು ಅಂತಲೇ ಹೆಚ್ಚಿನವರ ತಲೆಯಲ್ಲಿರುತ್ತದೆ. ನನ್ನ ಮುಂದೆ ಬರುವ ಸ್ತನಗಳಲ್ಲಿ ಎಷ್ಟೋ ಸಲ ಎರಡಿರುತ್ತವೆ, ಮೂರಿರುತ್ತವೆ. ಕೆಲವೊಮ್ಮೆ ಎಣಿಸುವುದೇ ಕಷ್ಟ. ನಾನು ಪೆಥಾಲಜಿಸ್ಟ್. ಸರ್ಜನ್ ತೆಗೆದು ಕಳಿಸಿದ್ದನ್ನು ಕತ್ತರಿಸಿ, ಯಾವ ತುಂಡು ಸ್ಲೈಡಿಗೆ ಹೋಗಬೇಕು ಅಂತ ಆರಿಸಿ, ಆಮೇಲೆ ಸ್ಲೈಡ್ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಕತ್ತರಿಸಿ ಆರಿಸುವ ಮೊದಲರ್ಧಕ್ಕೆ ನಾವು ಗ್ರಾಸಿಂಗ್ ಅನ್ನುತ್ತೇವೆ. ಹೊರಗಿನವರಿಗೆ ಪೆಥಾಲಜಿ ಅಂದರೆ ಮೈಕ್ರೋಸ್ಕೋಪು. ಆದರೆ ಗಡ್ಡೆ ಒಂದಾ ಎರಡಾ ಅನ್ನುವುದು ಮುಕ್ಕಾಲು ಪಾಲು ಗ್ರಾಸಿಂಗ್ ಟೇಬಲ್ ಮೇಲೇ ತೀರ್ಮಾನವಾಗುತ್ತದೆ. ಅಲ್ಲಿ ಕೈಬಿಟ್ಟದ್ದನ್ನು ಮೈಕ್ರೋಸ್ಕೋಪು ಹುಡುಕಿ ಕೊಡುವುದಿಲ್ಲ. ಸ್ಲೈಡಿಗೆ ಬಂದಿದ್ದನ್ನಷ್ಟೇ ಅದು ತೋರಿಸುತ್ತದೆ.

ಚಾಕು ಹಿಡಿಯುವ ಮೊದಲು ನಾನು ರೇಡಿಯಾಲಜಿ ರಿಪೋರ್ಟ್ ಓದುತ್ತೇನೆ. ಮ್ಯಾಮೋಗ್ರಾಮ್, ಅಲ್ಟ್ರಾಸೌಂಡ್, ಎಂಆರ್‌ಐ ಮಾಡಿದ್ದರೆ ಅದೂ. ಎಷ್ಟು ಗಡ್ಡೆ ಕಂಡಿದೆ, ಗಡಿಯಾರದ ಎಷ್ಟು ಗಂಟೆಯ ದಿಕ್ಕಿನಲ್ಲಿ, ಮೊಲೆತೊಟ್ಟಿನಿಂದ ಎಷ್ಟು ದೂರ, ಯಾವುದಕ್ಕೆ ಬಯಾಪ್ಸಿ ಆಗಿದೆ, ಎಲ್ಲಿ ಕ್ಲಿಪ್ (ಬಯಾಪ್ಸಿ ಆದ ಜಾಗ ಗುರುತಿಸುವ ಪುಟ್ಟ ಲೋಹದ ಚೂರು) ಇಟ್ಟಿದ್ದಾರೆ, ಎಲ್ಲ ಒಂದು ಚೀಟಿಯಲ್ಲಿ ಗೀಚಿಕೊಳ್ಳುತ್ತೇನೆ. ರಿಕ್ವೆಸ್ಟ್ ಫಾರ್ಮಿನಲ್ಲಿ ಬರೀ 'ಎಡ ಸ್ತನ, ಕ್ಯಾನ್ಸರ್' ಅಂತ ಬರೆದು ಕಳಿಸುವವರೂ ಇದ್ದಾರೆ. ಆಗ ಫೋನ್ ಮಾಡಿ ಕೇಳುತ್ತೇನೆ. ಎಂಆರ್‌ಐಯಲ್ಲಿ ಮೂರು ಕಂಡಿದ್ದು ಟೇಬಲ್ ಮೇಲೆ ಎರಡೇ ಸಿಕ್ಕರೆ ಮೂರನೆಯದು ಸಿಗುವ ತನಕ ಹುಡುಕಬೇಕು. ಇಲ್ಲವೇ ಅದು ಯಾಕೆ ಸಿಗಲಿಲ್ಲ ಅಂತ ಕಾರಣ ಹೇಳಬೇಕು. ಮೂರಿತ್ತು ಅನ್ನೋದೇ ಗೊತ್ತಿಲ್ಲದಿದ್ದರೆ ಎರಡಕ್ಕೇ ಸಮಾಧಾನ ಆಗಿಬಿಡುತ್ತದೆ, ಅಲ್ವಾ?

ಮಾದರಿ ದೇಹದಿಂದ ಹೊರಬಂದ ಒಂದು ಗಂಟೆಯೊಳಗೆ, ಕೊಳೆಯದ ಹಾಗೆ ಕಾಪಾಡುವ ದ್ರಾವಣವಾದ ಫಾರ್ಮಲಿನ್‌ಗೆ ಬೀಳಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಗಡ್ಡೆಗೆ ಯಾವ ಔಷಧಿ ನಾಟಬಹುದು ಅಂತ ಹೇಳುವ ರಿಸೆಪ್ಟರ್ ಪರೀಕ್ಷೆಗಳನ್ನು ನಂಬಬೇಕಾದರೆ ಈ ಲೆಕ್ಕ ತಪ್ಪಬಾರದು. ಆದರೆ ಇಡೀ ಸ್ತನವನ್ನು ಹಾಗೇ ಮುಳುಗಿಸಿಟ್ಟರೆ ಕೊಬ್ಬನ್ನು ದಾಟಿ ಫಾರ್ಮಲಿನ್ ಒಳಗೆ ಹೋಗುವುದೇ ಇಲ್ಲ. ನಡುವಿನ ಗಡ್ಡೆ ಕೊಳೆಯಲು ಶುರುವಾಗುತ್ತದೆ. ಹಾಗಾಗಿ ಬಂದ ಕೂಡಲೇ ದಿಕ್ಕು ಗುರುತಿಸಿ, ಹೊರಮೈಗೆ ಬೇರೆ ಬೇರೆ ಬಣ್ಣದ ಇಂಕ್ ಹಚ್ಚಿ, ಸೀಳುತ್ತೇನೆ. ಸರ್ಜನ್ ಹಾಕಿದ ಹೊಲಿಗೆಯಲ್ಲಿ ಗಿಡ್ಡ ದಾರ ಮೇಲ್ಭಾಗ, ಉದ್ದ ದಾರ ಹೊರಭಾಗ ಅನ್ನುವುದು ಸಾಮಾನ್ಯ ರೂಢಿ. ಆದರೂ ಫಾರ್ಮ್ ನೋಡಿಯೇ ನಂಬುತ್ತೇನೆ. ದಿಕ್ಕು ಒಮ್ಮೆ ಅದಲುಬದಲಾದರೆ ಎರಡು ಗಡ್ಡೆಯ ನಕ್ಷೆ ಪೂರ್ತಿ ತಲೆಕೆಳಗು.

ಸೀಳುಗಳು ತೆಳ್ಳಗಿರಬೇಕು, ಸುಮಾರು 5 ಮಿಲಿಮೀಟರ್. ಒಂದು ಸೆಂಟಿಮೀಟರ್ ದಪ್ಪ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, 6 ಮಿಲಿಮೀಟರಿನ ಚಿಕ್ಕ ಗಡ್ಡೆಯೊಂದು ಎರಡು ಸೀಳುಗಳ ನಡುವೆ ಆರಾಮಾಗಿ ಅಡಗಿ ಕೂತಿರುತ್ತದೆ. ಸೀಳಿದ್ದನ್ನೆಲ್ಲ ಒಳಗಿನಿಂದ ಹೊರಗಿನವರೆಗೆ ನಂಬರ್ ಹಾಕಿ ಸಾಲಾಗಿ ಹರಡಿ ಫೋಟೋ ತೆಗೆಯುತ್ತೇನೆ. ಆಮೇಲೆ ಬೆರಳು. ಕಣ್ಣಿಗಿಂತ ಬೆರಳನ್ನೇ ನಾನು ಹೆಚ್ಚು ನಂಬುತ್ತೇನೆ. ಪ್ರತಿ ಸೀಳನ್ನೂ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತಾ ಹೋಗಬೇಕು. ಕೊಬ್ಬು ಜಾರುತ್ತದೆ. ಸಾಮಾನ್ಯ ನಾರು ಬಗ್ಗುತ್ತದೆ. ಡಕ್ಟಲ್ ಕಾರ್ಸಿನೋಮ, ಅಂದರೆ ಸ್ತನ ಕ್ಯಾನ್ಸರಿನ ಸಾಮಾನ್ಯ ಬಗೆ, ಬಗ್ಗುವುದಿಲ್ಲ. ಚಾಕು ಆಡಿಸಿದರೆ ಕರಕರ ಅನ್ನುತ್ತದೆ. ಸುತ್ತಲಿನ ಕೊಬ್ಬನ್ನು ತನ್ನ ಕಡೆ ಎಳೆದುಕೊಂಡು ನಕ್ಷತ್ರದ ಹಾಗೆ ಅಂಚು ಚಾಚಿಕೊಂಡಿರುತ್ತದೆ. ಕ್ಲಿಪ್ ಇದ್ದ ಕಡೆ ಚಾಕುವಿಗೆ ಟಿಕ್ ಅಂತ ಲೋಹ ತಗಲುತ್ತದೆ. ತಗಲದಿದ್ದರೆ ಸೀಳುಗಳನ್ನು ಟ್ರೇ ಸಮೇತ ಎಕ್ಸ್‌ರೇಗೆ ಕಳಿಸುತ್ತೇನೆ.

ಇಷ್ಟೆಲ್ಲ ತಯಾರಿ. ನಿಜವಾದ ಕೆಲಸ ಆಮೇಲಿದೆ.

ಎರಡು ಗಡ್ಡೆ ಸಿಕ್ಕವು ಅಂತಿಟ್ಟುಕೊಳ್ಳಿ. ಹೊಸದಾಗಿ ಕಲಿಯುವವರು ಮೊದಲ ಗಡ್ಡೆಯಿಂದ ನಾಲ್ಕು ಬ್ಲಾಕ್ (ಸ್ಲೈಡ್ ಮಾಡಲು ಮೇಣದಲ್ಲಿ ಕೂರಿಸುವ ತುಂಡು), ಎರಡನೆಯದರಿಂದ ಮೂರು ಬ್ಲಾಕ್ ತೆಗೆದು ಮುಂದೆ ಹೋಗುತ್ತಾರೆ. ನಡುವಿನ ಜಾಗ ಬರೀ ಕೊಬ್ಬಿನ ಹಾಗೆ ಕಾಣುತ್ತದೆ, ಅದನ್ನು ಮುಟ್ಟುವುದೇ ಇಲ್ಲ. ನನಗೆ ಮುಖ್ಯ ಅನಿಸುವುದು ಆ ಜಾಗವೇ. ಅಲ್ಲಿಂದ ಬ್ಲಾಕ್ ತೆಗೆದರೆ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಒಂದು, ನಡುವೆ ಕ್ಯಾನ್ಸರೇ ಇಲ್ಲ. ಎರಡು, ಹಾಲಿನ ನಾಳಗಳ ಒಳಗೆ ಮಾತ್ರ ಕ್ಯಾನ್ಸರ್ ಕೋಶಗಳಿವೆ, ಗೋಡೆ ಒಡೆದು ಹೊರಬಂದಿಲ್ಲ. ಇದನ್ನು ಡಿಸಿಐಎಸ್ ಅನ್ನುತ್ತೇವೆ. ಮೂರು, ಗೋಡೆ ಒಡೆದು ಹರಡಿದ ಕ್ಯಾನ್ಸರೇ ಕಣ್ಣಿಗೆ ಕಾಣದ ಹಾಗೆ ಒಂದರಿಂದ ಇನ್ನೊಂದಕ್ಕೆ ಹಬ್ಬಿದೆ. ಮೊದಲ ಎರಡರಲ್ಲಿ ಗಡ್ಡೆ ಎರಡು. ಮೂರನೆಯದರಲ್ಲಿ ಗಡ್ಡೆ ಒಂದೇ. ಕೆರೆಯಲ್ಲಿ ಎರಡು ನಡುಗಡ್ಡೆ ಕಂಡರೂ ನೀರಿನ ಕೆಳಗೆ ನೆಲ ಒಂದೇ ಇದ್ದ ಹಾಗೆ.

ಇದು ಸುಮ್ನೆ ಎಣಿಕೆಯ ಪ್ರಶ್ನೆ ಅಲ್ಲ. ನನ್ನ ಹತ್ತಿರ ಬಂದ ಒಂದು ಕೇಸ್ ಹೇಳುತ್ತೇನೆ. ಒಂದು ಗಡ್ಡೆ 18 ಮಿಲಿಮೀಟರ್, ಇನ್ನೊಂದು 14. ನಡುವೆ 9 ಮಿಲಿಮೀಟರ್ ಹಳದಿ ಕೊಬ್ಬು. ಅದರಲ್ಲಿ ಕೂದಲೆಳೆಯಂಥ ಒಂದೆರಡು ಬಿಳಿ ಗೆರೆ. ನನ್ನ ಜೊತೆ ಗ್ರಾಸಿಂಗ್ ಮಾಡುತ್ತಿದ್ದ ಹುಡುಗ, "ಮೇಡಂ, ಎರಡೂ ಬೇರೆ ಬೇರೆ, ಸ್ಪಷ್ಟ ಇದೆಯಲ್ಲ" ಅಂದ.

"ಸ್ಪಷ್ಟ ಇದ್ದರೆ ಬ್ಲಾಕ್ ತಗೊಳ್ಳೋಕೆ ಏನು ತೊಂದರೆ? ನಡುವಿನದನ್ನು ಪೂರ್ತಿ ಹಾಕಪ್ಪ. ಪಕ್ಕದ ಸೀಳಿನದನ್ನೂ ಹಾಕು" ಅಂದೆ.

ಮೊದಲ ಸೀಳಿನ ಬ್ಲಾಕಿನಲ್ಲಿ ನಿಜಕ್ಕೂ ಕೊಬ್ಬೇ ಇತ್ತು. ಪಕ್ಕದ ಸೀಳಿನಲ್ಲಿ ಆ ಬಿಳಿ ಗೆರೆಗಳ ಉದ್ದಕ್ಕೂ ಗ್ರಂಥಿಯಾಕಾರದ ಕ್ಯಾನ್ಸರ್, ಒಂದು ಗಡ್ಡೆಯಿಂದ ಇನ್ನೊಂದರ ತನಕ. ಡಂಬೆಲ್ ಆಕಾರದ ಒಂದೇ ಗಡ್ಡೆ ಅದು. ನಾವು ಮೊದಲು ನೋಡಿದ ಸೀಳು ಅದರ ಹಿಡಿಕೆಯನ್ನು ತಪ್ಪಿಸಿಕೊಂಡು ಹೋಗಿತ್ತು, ಅಷ್ಟೆ. ಲೆಕ್ಕ ಏನಾಯ್ತು ನೋಡಿ. ಎರಡು ಅಂತ ಬರೆದಿದ್ದರೆ ದೊಡ್ಡದು 18 ಮಿಲಿಮೀಟರ್, ಅಂದರೆ ಪಿಟಿ1ಸಿ ಅನ್ನುವ ಮೆಟ್ಟಿಲು. ಒಂದೇ ಅಂತಾದಾಗ ತುದಿಯಿಂದ ತುದಿಗೆ 41 ಮಿಲಿಮೀಟರ್, ಪಿಟಿ2. ಒಂದೇ ಒಂದು ಬ್ಲಾಕು ಸ್ಟೇಜ್ ಬದಲಾಯಿಸಿತು.

ಅಳತೆಯ ನಿಯಮ ಗೊತ್ತಿಲ್ಲದವರಿಗೆ ಒಂದು ಮಾತು. ಸ್ಟೇಜ್ ಲೆಕ್ಕದಲ್ಲಿ ಟಿ ಅಂದರೆ ಗಡ್ಡೆಯ ಅಳತೆ, ಎನ್ ಅಂದರೆ ಲಿಂಫ್ ನೋಡ್‌ಗೆ (ದುಗ್ಧಗ್ರಂಥಿಗೆ) ಹರಡಿದ್ದು, ಎಂ ಅಂದರೆ ದೂರದ ಅಂಗಕ್ಕೆ ಹರಡಿದ್ದು. ಮುಂದಿರುವ 'ಪಿ' ಪೆಥಾಲಜಿಯಲ್ಲಿ ಅಳೆದದ್ದಕ್ಕೆ, ಹಿಂದಿರುವ 'ಸಿ' ಟಿ1ರ ಒಂದು ಒಳವಿಭಾಗಕ್ಕೆ. ನಾವು ಬಳಸುವ ಟಿಎನ್‌ಎಂ ಪದ್ಧತಿಯ 8ನೇ ಆವೃತ್ತಿಯಲ್ಲಿ 20 ಮಿಲಿಮೀಟರ್‌ವರೆಗೆ ಟಿ1, 20 ದಾಟಿ 50ರವರೆಗೆ ಟಿ2, 50 ದಾಟಿದರೆ ಟಿ3. ಗಡ್ಡೆ ಹಲವಿದ್ದರೆ ಎಲ್ಲವನ್ನೂ ಕೂಡಿಸುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡದರ ಅಳತೆ ಮಾತ್ರ ಹಿಡಿದು, ಪಕ್ಕದಲ್ಲಿ 'ಎಂ' (ಮಲ್ಟಿಪಲ್, ಅಂದರೆ ಹಲವು) ಅಂತ ಬರೆಯಬೇಕು. ಮೂರು ಗಡ್ಡೆ, ಒಂದೊಂದೂ 19 ಮಿಲಿಮೀಟರ್ ಇದ್ದರೂ ಪಿಟಿ1ಸಿ(ಎಂ) ಅಷ್ಟೇ. ಮನೆಯವರು ರಿಪೋರ್ಟ್ ಹಿಡಿದು "ಮೂರಿದೆಯಲ್ಲ, ಸ್ಟೇಜ್ ಹೆಚ್ಚಾಗಬೇಕಲ್ವಾ?" ಅಂತ ಕೇಳಿದ್ದುಂಟು. ಪ್ರಶ್ನೆ ಸರಿಯಾಗೇ ಇದೆ. ದೊಡ್ಡ ಗಡ್ಡೆಯ ಅಳತೆ ಒಂದೇ ಇದ್ದರೂ, ಹಲವು ಗಡ್ಡೆ ಇರುವವರಲ್ಲಿ ಕಂಕುಳಿನ ಲಿಂಫ್ ನೋಡ್‌ಗೆ ಹರಡಿರುವುದು ಹೆಚ್ಚಾಗಿ ಕಂಡುಬರುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಒಂದೇ ಸಂಖ್ಯೆಯಲ್ಲಿ ಇದೆಲ್ಲ ಹಿಡಿಸುವುದಿಲ್ಲ. ಅದಕ್ಕೇ ನಾನು ದೊಡ್ಡದರ ಅಳತೆ ಬರೆದು ಕೈ ತೊಳೆದುಕೊಳ್ಳುವುದಿಲ್ಲ. ಪ್ರತಿಯೊಂದರ ಅಳತೆಯನ್ನೂ ಬರೆಯುತ್ತೇನೆ. ನೋಡ್‌ಗಳನ್ನು 2 ಮಿಲಿಮೀಟರ್ ಸೀಳುಗಳಾಗಿ ಪೂರ್ತಿ ಸ್ಲೈಡಿಗೆ ಹಾಕಿಸುತ್ತೇನೆ.

ಮಲ್ಟಿಫೋಕಲ್, ಮಲ್ಟಿಸೆಂಟ್ರಿಕ್ ಅಂತ ಎರಡು ಪದ ರಿಪೋರ್ಟುಗಳಲ್ಲಿ ಓಡಾಡುತ್ತವೆ. ಸ್ತನವನ್ನು ನಾಲ್ಕು ಭಾಗ ಮಾಡಿ, ಒಂದೇ ಭಾಗದಲ್ಲಿ ಹಲವು ಗಡ್ಡೆ ಇದ್ದರೆ ಮಲ್ಟಿಫೋಕಲ್, ಬೇರೆ ಬೇರೆ ಭಾಗದಲ್ಲಿದ್ದರೆ ಮಲ್ಟಿಸೆಂಟ್ರಿಕ್. ಈ ವಿಂಗಡಣೆ ನನಗೆ ಅಷ್ಟು ಹಿಡಿಸುವುದಿಲ್ಲ. ನಾಲ್ಕು ಭಾಗದ ಗೆರೆ ನಾವು ಎಳೆದದ್ದು, ಸ್ತನದಲ್ಲಿ ಅಂಥ ಗೋಡೆ ಇಲ್ಲ. ಸ್ತನದ ಒಳಗೆ ನಿಜವಾಗಿ ಇರುವುದು 15ರಿಂದ 20 ಲೋಬ್‌ಗಳು. ಒಂದೊಂದೂ ತನ್ನದೇ ನಾಳಗಳ ಜಾಲ ಇಟ್ಟುಕೊಂಡು ಮೊಲೆತೊಟ್ಟಿನ ಕಡೆ ಬರುತ್ತದೆ, ನಮ್ಮ ಗೆರೆಗಳನ್ನು ಕೇಳುವುದಿಲ್ಲ. ಗೆರೆಯ ಆಚೀಚೆ ಒಂದೊಂದು ಸೆಂಟಿಮೀಟರ್ ದೂರದಲ್ಲಿರುವ ಎರಡು ಗಡ್ಡೆ ಮಲ್ಟಿಸೆಂಟ್ರಿಕ್ ಆಗಿಬಿಡುತ್ತವೆ. ಒಂದೇ ಭಾಗದ ಎರಡು ತುದಿಯಲ್ಲಿದ್ದು ಅದಕ್ಕಿಂತ ಎಷ್ಟೋ ದೂರ ಇರುವವು ಮಲ್ಟಿಫೋಕಲ್! ಕೆಲವರು ಭಾಗ ಬಿಟ್ಟು 5 ಸೆಂಟಿಮೀಟರ್ ದೂರದ ಲೆಕ್ಕ ಹಿಡಿಯುತ್ತಾರೆ. ನಾನು ಪದದ ಜೊತೆಗೆ ದೂರವನ್ನು ಮಿಲಿಮೀಟರಿನಲ್ಲೇ ಬರೆದುಬಿಡುತ್ತೇನೆ. ಓದುವವರು ತಮಗೆ ಬೇಕಾದ ಹೆಸರು ಕೊಟ್ಟುಕೊಳ್ಳಲಿ.

ಸ್ವೀಡನ್ನಿನ ಪೆಥಾಲಜಿಸ್ಟ್ ಟಿಬೊರ್ ಟೋಟ್ ಅವರು ಇಡೀ ಸೀಳು ಹಿಡಿಸುವಷ್ಟು ದೊಡ್ಡ ಸ್ಲೈಡ್‌ಗಳಲ್ಲಿ ಕೆಲಸ ಮಾಡಿದವರು. ರೋಗ ಹೆಚ್ಚಾಗಿ ಒಂದೇ ಲೋಬಿನದು, ಆ ಲೋಬಿನ ಬೇರೆ ಬೇರೆ ಕಡೆ ಗಡ್ಡೆಗಳು ಏಳುತ್ತವೆ ಅನ್ನುವುದು ಅವರ ವಾದ. ಎರಡು ಗಡ್ಡೆಗಳ ನಡುವೆ ಡಿಸಿಐಎಸ್ ತುಂಬಿದ ನಾಳಗಳು ಸಾಲಾಗಿ ಹೋಗಿರುವುದನ್ನು ನೋಡಿದಾಗಲೆಲ್ಲ ನನಗೂ ಇದು ಸರಿ ಅನಿಸಿದೆ. ಹಾಗಂತ ಎಲ್ಲ ಕೇಸಿಗೂ ಇದೇ ವಿವರಣೆ ಒಪ್ಪುವುದಿಲ್ಲ. 2015ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಹಲವು ಗಡ್ಡೆ ಇದ್ದ 36 ರೋಗಿಗಳ ಗಡ್ಡೆಗಳ ಜೀನ್‌ಗಳನ್ನು ಓದಿದ್ದರು. ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುವ, ಗ್ರೇಡ್, ರಿಸೆಪ್ಟರ್ ಎಲ್ಲ ಒಂದೇ ಇರುವ ಗಡ್ಡೆಗಳು. ಆದರೂ ಮೂರರಲ್ಲಿ ಒಂದು ಪಾಲು ರೋಗಿಗಳಲ್ಲಿ ಗಡ್ಡೆಗಳ ನಡುವೆ ಜೀನಿನ ಒಂದು ಬದಲಾವಣೆಯೂ (ಮ್ಯುಟೇಶನ್) ಸಮಾನವಾಗಿರಲಿಲ್ಲ. ಅವಳಿಗಳ ಹಾಗೆ ಕಂಡವು ಸಂಬಂಧಿಕರೇ ಅಲ್ಲ! ಸ್ಲೈಡ್ ನೋಡಿ 'ಎರಡೂ ಒಂದೇ ಮೂಲ' ಅಂತ ಬರೆಯುವುದನ್ನು ನಾನು ಬಿಟ್ಟಿದ್ದೇನೆ. 'ಎರಡೂ ಒಂದೇ ರೀತಿ ಕಾಣುತ್ತವೆ' ಅಂತ ಬರೆದರೆ ಸಾಕು.

ರಿಸೆಪ್ಟರ್ ಪರೀಕ್ಷೆಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕನಿಷ್ಠ ದೊಡ್ಡ ಗಡ್ಡೆಗೆ ಇಆರ್, ಪಿಆರ್ (ಎರಡು ಹಾರ್ಮೋನ್ ರಿಸೆಪ್ಟರ್), ಹರ್2 (ಕೋಶ ಬೆಳೆಯಲು ಹೇಳುವ ಪ್ರೋಟೀನ್) ಪರೀಕ್ಷೆ ಮಾಡಬೇಕು. ಚಿಕ್ಕದರ ಬಗೆ ಅಥವಾ ಗ್ರೇಡ್ ಬೇರೆ ಇದ್ದರೆ ಅದಕ್ಕೂ ಮಾಡಬೇಕು. ಇದು ಎಲ್ಲರೂ ಒಪ್ಪುವ ರೂಢಿ. ಬೇರೆ ಇದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಮೊದಲು ಪ್ರತಿ ಗಡ್ಡೆಗೂ ಅದರದ್ದೇ ಗ್ರೇಡ್ ಹಾಕಬೇಕಲ್ಲ. ನಾಟಿಂಗ್‌ಹ್ಯಾಮ್ ಗ್ರೇಡಿನಲ್ಲಿ ನೋಡುವುದು ಮೂರು ಸಂಗತಿ: ಗಡ್ಡೆ ಎಷ್ಟರ ಮಟ್ಟಿಗೆ ನಾಳದಂಥ ಆಕಾರ ಕಟ್ಟಿದೆ, ಕೋಶಕೇಂದ್ರಗಳು ಎಷ್ಟು ಏರುಪೇರಾಗಿವೆ, ಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ. ಒಂದೊಂದಕ್ಕೆ 1ರಿಂದ 3 ಅಂಕ. ಒಟ್ಟು 3ರಿಂದ 5 ಬಂದರೆ ಗ್ರೇಡ್ 1, 6 ಅಥವಾ 7 ಬಂದರೆ ಗ್ರೇಡ್ 2, 8 ಅಥವಾ 9 ಬಂದರೆ ಗ್ರೇಡ್ 3. ಎರಡು ಗಡ್ಡೆಯನ್ನೂ ಸೇರಿಸಿ ಒಂದೇ ಗ್ರೇಡ್ ಬರೆದ ರಿಪೋರ್ಟು ಕಂಡರೆ ನನಗೆ ಅದರ ಬೇರೆ ಸಾಲುಗಳ ಮೇಲೂ ಅನುಮಾನ ಶುರುವಾಗುತ್ತದೆ.

ಒಂದು ಮಾಸ್ಟೆಕ್ಟಮಿಯಲ್ಲಿ (ಸ್ತನ ಪೂರ್ತಿ ತೆಗೆಯುವ ಸರ್ಜರಿ) ದೊಡ್ಡ ಗಡ್ಡೆ 26 ಮಿಲಿಮೀಟರ್, ಗ್ರೇಡ್ 2. ಸರ್ಜರಿಗೆ ಮೊದಲೇ ಬಯಾಪ್ಸಿ ಆಗಿತ್ತು. ಇಆರ್ ಪಾಸಿಟಿವ್, ಹರ್2 ನೆಗೆಟಿವ್. ಎಲ್ಲರ ಮನಸ್ಸಿನಲ್ಲೂ ಚಿಕಿತ್ಸೆ ಆಗಲೇ ತೀರ್ಮಾನವಾಗಿತ್ತು. ಅದರಿಂದ ದೂರದಲ್ಲಿ 8 ಮಿಲಿಮೀಟರಿನ ಇನ್ನೊಂದಿತ್ತು. ಬೆರಳಿಗೆ ಅದು ಸ್ವಲ್ಪ ಮೆತ್ತಗೆ, ಅಂಚು ದುಂಡಗೆ. ಅಷ್ಟಕ್ಕೇ ನನಗೆ ಇದು ಬೇರೆ ಜಾತಿ ಅನಿಸಿತು. ಸ್ಲೈಡಿನಲ್ಲಿ ನೋಡಿದರೆ ದೊಡ್ಡ ದೊಡ್ಡ ಕೋಶಕೇಂದ್ರಗಳು, ಎಲ್ಲಿ ನೋಡಿದರೂ ಮೈಟೋಸಿಸ್, ಅಂದರೆ ಒಡೆಯುತ್ತಿರುವ ಕೋಶಗಳು. ಗ್ರೇಡ್ 3. ಹರ್2 ಬಣ್ಣ ಹಾಕಿಸಿದಾಗ ಕೋಶಗಳ ಸುತ್ತ ದಪ್ಪ ಕಂದು ಬಣ್ಣದ ಬಲೆ, 3 ಪ್ಲಸ್, ಅಂದರೆ ಪಾಸಿಟಿವ್. ಹರ್2 ಪಾಸಿಟಿವ್ ಇದ್ದರೆ ಕೊಡುವ ಔಷಧಿ ಟ್ರಾಸ್ಟುಜುಮ್ಯಾಬ್ ಬೇಕೋ ಬೇಡವೋ ಅನ್ನುವ ಚರ್ಚೆಯನ್ನು ಆ 8 ಮಿಲಿಮೀಟರೇ ಶುರು ಮಾಡಿತು. 26 ಮಿಲಿಮೀಟರಿನ ದೊಡ್ಡಣ್ಣನಿಗೆ ಅದರಲ್ಲಿ ಪಾತ್ರವೇ ಇರಲಿಲ್ಲ. ಹೀಗಾಗಿ ಗಡ್ಡೆಗಳು ದೂರ ದೂರ ಇದ್ದರೆ, ಒಂದೇ ಥರ ಕಂಡರೂ, ಎರಡಕ್ಕೂ ಪರೀಕ್ಷೆ ಮಾಡಿಸುವುದು ನನ್ನ ಅಭ್ಯಾಸ. ಖರ್ಚು ಜಾಸ್ತಿ ಅಂತ ಗೊಣಗುವವರಿಗೆ ಇದೇ ಕತೆ ಹೇಳುತ್ತೇನೆ.

ಇನ್ನು ಗಡ್ಡೆಯಲ್ಲದೆ ಗಡ್ಡೆಯ ಹಾಗೆ ಕಾಣುವವು. ಸ್ತನದೊಳಗೇ ಲಿಂಫ್ ನೋಡ್ ಇರುತ್ತದೆ. ಅದಕ್ಕೆ ಕ್ಯಾನ್ಸರ್ ಹರಡಿ ನೋಡ್ ಪೂರ್ತಿ ತುಂಬಿಕೊಂಡರೆ ಥೇಟ್ ಎರಡನೇ ಗಡ್ಡೆ. ಅದನ್ನು ಗಡ್ಡೆ ಅಂತ ಎಣಿಸಿದರೆ ಟಿ ಜೊತೆ 'ಎಂ' ಸೇರುತ್ತದೆ, ನೋಡ್ ಅಂತ ಎಣಿಸಿದರೆ ಎನ್ ಬದಲಾಗುತ್ತದೆ. ಎರಡೂ ಬೇರೆಯೇ ದಾರಿ. ತೀರಾ ದುಂಡಗಿನ, ಕೊಬ್ಬಿನಲ್ಲಿ ಒಂಟಿಯಾಗಿ ಕೂತ ಗಂಟು ಕಂಡರೆ ನಾನು ಅಂಚು ಬಿಡದ ಹಾಗೆ ಪೂರ್ತಿ ಬ್ಲಾಕ್ ತೆಗೆಯುತ್ತೇನೆ. ಕವಚ, ಅದರ ಕೆಳಗಿನ ಸೈನಸ್, ಒಂದು ಮೂಲೆಯಲ್ಲಿ ಉಳಿದ ಲಿಂಫೋಸೈಟ್‌ಗಳ ಗುಂಪು, ಇವು ಸಿಕ್ಕರೆ ನೋಡ್. ಡಿಸಿಐಎಸ್ ಸಿಕ್ಕರೆ ಅದು ಅಲ್ಲೇ ಹುಟ್ಟಿದ ಗಡ್ಡೆ. ರಕ್ತನಾಳ, ಲಿಂಫ್ ನಾಳಗಳಲ್ಲಿ ತೇಲಿ ಹೋದ ಕ್ಯಾನ್ಸರ್ ತುಣುಕುಗಳು ದೊಡ್ಡ ಗಡ್ಡೆಯ ಸುತ್ತ ಚಿಕ್ಕ ಚಿಕ್ಕ ಗಂಟು ಮಾಡುವುದೂ ಉಂಟು. ಅಲ್ಲಿ ಡಿಸಿಐಎಸ್ ಇರುವುದಿಲ್ಲ, ಸುತ್ತಲಿನ ರಕ್ತ, ಲಿಂಫ್ ನಾಳಗಳಲ್ಲಿ ಕೋಶಗಳ ಗುಂಪು ಸಿಕ್ಕಿಕೊಂಡಿರುತ್ತದೆ. ಹಳೆ ಬಯಾಪ್ಸಿಯ ಕಲೆ, ಫೈಬ್ರೊಅಡಿನೋಮ (ಕ್ಯಾನ್ಸರ್ ಅಲ್ಲದ ಗಂಟು) ಇವೆಲ್ಲ ಸ್ಲೈಡಿನಲ್ಲಿ ಬೇಗ ಗೊತ್ತಾಗುತ್ತವೆ.

ಬೆರಳಿನ ನಂಬಿಕೆ ಕೈಕೊಡುವುದು ಲೋಬ್ಯುಲರ್ ಕಾರ್ಸಿನೋಮದಲ್ಲಿ. ಈ ಬಗೆಯಲ್ಲಿ ಹಲವು ಗಡ್ಡೆ ಇರುವುದು ಡಕ್ಟಲ್‌ಗಿಂತ ಹೆಚ್ಚು. ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಅನ್ನುವ ಪ್ರೋಟೀನ್ ಇದರಲ್ಲಿ ಕಾಣೆಯಾಗಿರುತ್ತದೆ. ಕೋಶಗಳು ಗುಂಪು ಕಟ್ಟದೆ ಒಂದರ ಹಿಂದೆ ಒಂದು ಸಾಲಾಗಿ ನಾರಿನ ನಡುವೆ ನುಸುಳಿಕೊಂಡು ಹೋಗುತ್ತವೆ. ಗಂಟೇ ಆಗದಿರಬಹುದು. ಸೀಳು ಸ್ವಲ್ಪ ಬಿಗಿ ಅನಿಸುತ್ತದೆ, ಅಷ್ಟೆ. ಇಲ್ಲಿ 'ಎಷ್ಟು ಗಡ್ಡೆ' ಅನ್ನುವ ಪ್ರಶ್ನೆಯೇ ಕೆಲವೊಮ್ಮೆ ಅರ್ಥ ಕಳೆದುಕೊಳ್ಳುತ್ತದೆ. ಎಂಆರ್‌ಐ ತೋರಿಸಿದ ಜಾಗದ ಸೀಳುಗಳನ್ನು, ಕಣ್ಣಿಗೆ ಏನೂ ಕಾಣದಿದ್ದರೂ, ಧಾರಾಳವಾಗಿ ಬ್ಲಾಕ್ ಮಾಡುತ್ತೇನೆ. ಸಂಶಯ ಬಂದ ಕಡೆ ಸೈಟೋಕೆರಾಟಿನ್ ಬಣ್ಣ ಹಾಕಿಸಿದರೆ ಉರಿಯೂತದ ಕೋಶಗಳ ನಡುವೆ ಅಡಗಿದ್ದ ಲೋಬ್ಯುಲರ್ ಕೋಶಗಳು ಹೊರಬೀಳುತ್ತವೆ.

ಸರ್ಜರಿಗೆ ಮುಂಚೆ ಕೀಮೋ ಆಗಿದ್ದರೆ ಕತೆಯೇ ಬೇರೆ. ಒಂದೇ ಗಡ್ಡೆ ಕೀಮೋಗೆ ಕರಗುತ್ತಾ ಅಲ್ಲೊಂದು ಇಲ್ಲೊಂದು ದ್ವೀಪವಾಗಿ ಉಳಿಯಬಹುದು. ಹಳೆಯ ರಿಪೋರ್ಟ್ ನೋಡದವರು ಅದನ್ನು ಹಲವು ಗಡ್ಡೆ ಅಂದುಕೊಳ್ಳುತ್ತಾರೆ. ದ್ವೀಪಗಳ ನಡುವೆ ನೀರು ತುಂಬಿದಂಥ ಸಡಿಲ ನಾರು, ಸತ್ತ ಕೋಶಗಳನ್ನು ನುಂಗಿ ನೊರೆ ತುಂಬಿದ ಮ್ಯಾಕ್ರೋಫೇಜ್‌ಗಳು, ಹಿಮೋಸಿಡೆರಿನ್ (ಹಳೆ ರಕ್ತದ ಕಂದು ಗುರುತು) ಇದ್ದರೆ ಅಲ್ಲಿ ಮೊದಲು ಗಡ್ಡೆ ಇತ್ತು ಅಂತ ಅರ್ಥ. ಸ್ಟೇಜಿಗೆ ಲೆಕ್ಕ ಹಿಡಿಯುವುದು ಉಳಿದ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು, ನಡುವಿನ ನಾರನ್ನು ಸೇರಿಸುವುದಿಲ್ಲ. ಆದರೆ ಹಳೆಯ ಗಡ್ಡೆಯ ಜಾಗ ಎಷ್ಟು ಅಗಲ ಇತ್ತು, ಅದರಲ್ಲಿ ಎಷ್ಟು ಪಾಲು ಕ್ಯಾನ್ಸರ್ ಉಳಿದಿದೆ ಅನ್ನುವುದನ್ನೂ ಬರೆಯುತ್ತೇನೆ. ಆಂಕಾಲಜಿಸ್ಟ್‌ಗಳಿಗೆ ಬೇಕಾದದ್ದು ಅದೇ.

ಹಿಂದೆ ಎರಡು ಗಡ್ಡೆ ಅಂದರೆ ಸ್ತನ ಪೂರ್ತಿ ತೆಗೆಯುವುದು ಅಂತಲೇ ಆಗಿತ್ತು. ಅದಕ್ಕೆ ಕಾರಣವೂ ಇತ್ತು. 1985ರಲ್ಲಿ ನೆದರ್ಲೆಂಡ್ಸ್‌ನ ರೋಲಂಡ್ ಹಾಲಂಡ್ ಮತ್ತು ಜೊತೆಯವರು ಮಾಸ್ಟೆಕ್ಟಮಿಯ 282 ಸ್ತನಗಳನ್ನು ಸೀಳು ಸೀಳಾಗಿ ನೋಡಿ ವರದಿ ಮಾಡಿದ್ದರು. ಹೊರಗಿನಿಂದ ಒಂದೇ ಗಡ್ಡೆ ಅಂತ ಕಂಡವುಗಳಲ್ಲಿ 37 ಶೇಕಡಾದಷ್ಟರಲ್ಲಿ ಮಾತ್ರ ಆ ಗಡ್ಡೆಯ ಹೊರಗೆ ಬೇರೇನೂ ಇರಲಿಲ್ಲ. 43 ಶೇಕಡಾದಷ್ಟರಲ್ಲಿ 2 ಸೆಂಟಿಮೀಟರ್ ಆಚೆಯೂ ಕ್ಯಾನ್ಸರ್ ಇತ್ತು, ಕೆಲವದರಲ್ಲಿ ನಾಳದೊಳಗೆ, ಕೆಲವದರಲ್ಲಿ ಹೊರಗೆ. ಲಂಪೆಕ್ಟಮಿ (ಸ್ತನ ಉಳಿಸಿ ಗಡ್ಡೆ ಮಾತ್ರ ತೆಗೆಯುವುದು) ಜೊತೆಗೆ ರೇಡಿಯೇಶನ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಗೊತ್ತಿಲ್ಲ. ಈಗ ಗಾಳಿ ಬದಲಾಗಿದೆ. ಎರಡು ಅಥವಾ ಮೂರು ಗಡ್ಡೆ ಇದ್ದ, 40 ದಾಟಿದ 204 ಮಹಿಳೆಯರಿಗೆ ಲಂಪೆಕ್ಟಮಿ ಮತ್ತು ರೇಡಿಯೇಶನ್ ಮಾಡಿ ನೋಡಿದ ಅಮೆರಿಕದ ಟ್ರಯಲ್ ಒಂದರ ಫಲಿತಾಂಶ 2023ರಲ್ಲಿ ಬಂತು. 5 ವರ್ಷದಲ್ಲಿ ಅದೇ ಸ್ತನದಲ್ಲಿ ಮರುಕಳಿಸಿದ್ದು 3.1 ಶೇಕಡಾ ಮಾತ್ರ.

ಇದರಿಂದ ನನ್ನ ಕೆಲಸ ಹೆಚ್ಚಾಗಿದೆ. ಎರಡು ಗಡ್ಡೆ ಎರಡು ಡಬ್ಬಿಯಲ್ಲಿ ಬರುತ್ತವೆ. ನಡುವಿನ ಜಾಗ ರೋಗಿಯ ದೇಹದಲ್ಲೇ ಉಳಿದಿರುತ್ತದೆ! ದೂರ ಅಳೆಯುವುದು ಹೇಗೆ? ಅಂಥ ಕಡೆ ರೇಡಿಯಾಲಜಿಸ್ಟ್ ಕೊಟ್ಟ ದೂರವನ್ನೇ ಅವರ ಅಳತೆ ಅಂತ ಹೇಳಿ ಬರೆಯುತ್ತೇನೆ. ಮತ್ತು ಒಂದು ಡಬ್ಬಿಯ ಗಡ್ಡೆ ಇನ್ನೊಂದರ ಕಡೆಗಿರುವ ಮಾರ್ಜಿನ್ (ಸರ್ಜನ್ ಕತ್ತರಿಸಿದ, ನಾವು ಇಂಕ್ ಹಚ್ಚಿದ ಅಂಚು) ಮೇಲೆ ವಿಶೇಷ ಕಣ್ಣಿಡುತ್ತೇನೆ. ಗೋಡೆ ಒಡೆದ ಕ್ಯಾನ್ಸರಾದರೆ ಇಂಕ್ ಮೇಲೆ ಕೋಶ ಇರಬಾರದು, ಅಷ್ಟು ಸಾಕು. ಬರೀ ಡಿಸಿಐಎಸ್ ಆದರೆ 2 ಮಿಲಿಮೀಟರ್ ಅಂತರ ಬೇಕು. ಎರಡು ಡಬ್ಬಿಗಳ ಎದುರುಬದುರು ಮಾರ್ಜಿನ್ ಎರಡರಲ್ಲೂ ಕ್ಯಾನ್ಸರ್ ಇಂಕ್ ಮುಟ್ಟಿದ್ದರೆ, ಇದು ಒಂದೇ ದೊಡ್ಡ ಗಡ್ಡೆ ಇರಬಹುದು ಅಂತ ಕಾಮೆಂಟಿನಲ್ಲಿ ಹಾಕಿ, ಸರ್ಜನ್‌ಗೆ ಫೋನನ್ನೂ ಮಾಡುತ್ತೇನೆ. ಕಾಮೆಂಟ್ ಎಲ್ಲರೂ ಓದುವುದಿಲ್ಲ.

ರಿಪೋರ್ಟಿನಲ್ಲಿ ಗಡ್ಡೆಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟು, ಒಂದೊಂದರ ಜಾಗ, ಅಳತೆ, ಬಗೆ, ಗ್ರೇಡ್, ರಿಸೆಪ್ಟರ್, ಹತ್ತಿರದ ಮಾರ್ಜಿನ್ ಬೇರೆ ಬೇರೆ ಬರೆಯುತ್ತೇನೆ. ಯಾವ ಬ್ಲಾಕ್ ಯಾವ ಸೀಳಿನದು ಅನ್ನುವ ನಕ್ಷೆ ಫೋಟೋ ಮೇಲೇ ಇರುತ್ತದೆ. ಉಳಿದ ಸೀಳುಗಳನ್ನು ನಂಬರಿನ ಕ್ರಮದಲ್ಲೇ ಬಟ್ಟೆಯಲ್ಲಿ ಸುತ್ತಿ ಫಾರ್ಮಲಿನ್‌ನಲ್ಲಿ ಇಡಿಸುತ್ತೇನೆ. ಎಲ್ಲ ವಿಭಾಗದ ವೈದ್ಯರು ಸೇರುವ ಟ್ಯೂಮರ್ ಬೋರ್ಡಿನಲ್ಲಿ ಚರ್ಚೆ ಮುಗಿಯುವ ತನಕ ಅದನ್ನು ಬಿಸಾಡಲು ಬಿಡುವುದಿಲ್ಲ. ರೇಡಿಯಾಲಜಿಸ್ಟ್ ಅಲ್ಲಿ ಎಂಆರ್‌ಐ ಪರದೆಯ ಮೇಲೆ ಬೆರಳಿಟ್ಟು "ಮೇಡಂ, ಇದು ನಿಮ್ಮ ಎ, ಇದು ಬಿ. ಹಾಗಾದ್ರೆ ಇದು ಯಾವುದು?" ಅಂತ ಕೇಳಿದರೆ, ಮಾರನೇ ದಿನ ಡಬ್ಬಿ ಬಿಚ್ಚಿ ಆ ಸೀಳಿಗೇ ಹೋಗಿ ಇನ್ನೆರಡು ಬ್ಲಾಕ್ ತೆಗೆಯಬಹುದು.